ನೀಲಾ ಎಂದು ಕರೆಸಿಕೊಂಡದ್ದು

ಜೂನ್ ೧೭, ಮಂಗಳವಾರ. ರಾಮದುರ್ಗ.

ಅತ್ತೆಯ ರಕ್ತದ ರಿಪೋರ್ಟ್ ಸರಿಹೋಯಿತು. ನನಗೇ ಸಮಾಧಾನವಿಲ್ಲ.

ನಮ್ಮೂರು ಸುರೇಬಾನದಿಂದ ಇಲ್ಲಿಯ ಆಸ್ಪತ್ರೆಗೆ ಕರೆತಂದಾಗ ಅವರಿಗೆ ವಿಪರೀತ ನೀರಡಿಕೆ, ಮಾತೆಲ್ಲ ತಪ್ಪು. ವಯಸ್ಸಿನ ಮರೆವು ಎಂದುಕೊಂಡಿದ್ದೆವು. ಡಾಕ್ಟರು ರಿಪೋರ್ಟ್ ನೋಡಿ, "ಕ್ಯಾಲ್ಸಿಯಂ ಹತ್ತೂವರಿ ದಾಟಬಾರದ್ರಿ. ಇವರಿಗೆ ಹದಿನಾಕ ಐತಿ, ಅದಕ್ಕ ತಲಿ ಮಂಕಾಗೇತಿ. ಏನೇನ ಕೊಟ್ಟೀರಿ?" ಎಂದರು. ಮೊಣಕಾಲು ನೋವಿಗೆ ನನ್ನ ಗಂಡ ಕ್ಯಾಲ್ಸಿಯಂ ಗುಳಿಗೆ ತರುತ್ತಿದ್ದರು. ಅತ್ತೆಯ ಮಗಳು ನೀಲಾ ಊರಿಗೆ ಬಂದಾಗೆಲ್ಲ ಡಿ ವಿಟಮಿನ್ ಇಂಜೆಕ್ಷನ್ ಮಾಡಿಸುತ್ತಿದ್ದಳು. ಎರಡೂ ಸೇರಿ ಕ್ಯಾಲ್ಸಿಯಂ ಏರಿತ್ತು. ಎಲ್ಲವೂ ಪ್ರೀತಿಯಿಂದಲೇ.

ಆ ಮಂಕಿನಲ್ಲಿ ಅತ್ತೆ ನನ್ನನ್ನೇ ನೀಲಾ ಎಂದುಕೊಂಡರು. "ಬಾ ನನ ಕೂಸ, ಎಷ್ಟ ಸೊರಗೀದಿ" ಎಂದು ತಲೆ ನೇವರಿಸಿದರು. ಮದುವೆಯಾದಾಗಿನಿಂದ ಅವರು ನನ್ನನ್ನು ಹಾಗೆ ಮುಟ್ಟಿದವರಲ್ಲ. ನಾನು ನೀಲಾ ಅಲ್ಲ ಎನ್ನಲಿಲ್ಲ. ಸಲೈನ್ ಹನಿಯುತ್ತಿದ್ದಷ್ಟು ಹೊತ್ತೂ ತಲೆ ಬಗ್ಗಿಸಿಕೊಂಡೇ ಕೂತೆ.

ಇವತ್ತು ಕ್ಯಾಲ್ಸಿಯಂ ಹತ್ತಕ್ಕೆ ಇಳಿದಿದೆ. "ನಾರ್ಮಲ್ ಆತ್ರಿ" ಎಂದು ನರ್ಸ್ ನಕ್ಕರು. ಅತ್ತೆ ನನ್ನನ್ನು ಸರಿಯಾಗಿ ಗುರುತಿಸಿದರು. "ಗಂಗಾ, ನೀ ಇಲ್ಲೇ ಕುಂತರ ಮನ್ಯಾಗ ಎಮ್ಮಿ ಹಿಂಡವರ್ಯಾರ?" ಆಮೇಲೆ ಬಾಗಿಲ ಕಡೆ ನೋಡುತ್ತ, "ನೀಲಾ ಬಂದಿದ್ಲಲ್ಲ, ಎಲ್ಲದಾಳ?" ಎಂದರು.

ನೀಲಾಳಿಗೆ ರಜೆಯೇ ಸಿಕ್ಕಿಲ್ಲ, ಅವಳು ಬಂದೇ ಇಲ್ಲ. ಆದರೂ, "ಬಂದಿದ್ಲರಿ ಅತ್ತಿ, ನಿಮ್ಮ ಹತ್ರನ ಕುಂತಿದ್ಲು" ಎಂದುಬಿಟ್ಟೆ. ಅವರ ಮುಖ ಅರಳಿತು.

ಈಗ ಅತ್ತೆಗೆ ಒಳ್ಳೆಯ ನಿದ್ದೆ. ನಾಳೆ ನೀಲಾ ಫೋನಿನಲ್ಲಿ ತಾನು ಬರಲಿಲ್ಲ ಎಂದರೆ, ತಾನು ನೇವರಿಸಿದ ತಲೆ ಯಾರದೆಂದು ಅತ್ತೆ ಕೇಳುತ್ತಾರೆ. ನನ್ನದು ಎಂದರೆ ಅವರ ಮುಖ ಇವತ್ತಿನಂತೆ ಅರಳುತ್ತದೆಯೋ, ಬಾಡುತ್ತದೆಯೋ.