ಡ್ರಮ್ಸ್ ಇಲ್ಲದ ಎಂಟು ಹಾಡು

ನಾಗರಬಾವಿ
14 ಸೆಪ್ಟೆಂಬರ್ 2008

ಪ್ರೀತಿಯ ಕವನಾ,

ಮೊನ್ನೆ ನಿನ್ನ ಮೆಸೇಜು ಬಂದಾಗ ನಾನು ಬಸ್ಸಿನಲ್ಲಿದ್ದೆ, ವಿಜಯನಗರದ ಹತ್ತಿರ. ಎರಡೂವರೆ ವರ್ಷದ ಮೇಲೆ ಫೋನಿನಲ್ಲಿ ನಿನ್ನ ಹೆಸರು. "ನಿನ್ನ ಸೀಡಿ ಬಂದಿದ್ದು ಅಮ್ಮ ಟೀವಿಲಿ ನೋಡಿದ್ರು ಕಣೇ. ತುಂಬಾ ಖುಷಿ ಆಯ್ತು. ನನ್ನಿಂದ ನಿಂಗೆ ಎರಡು ವರ್ಷ ವೇಸ್ಟ್ ಆಯ್ತು, ಸಾರಿ" ಎಂದು ಬರೆದಿದ್ದೆ. ನಾನು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟೆ. ಒಂದು ಬೇಕರಿಯ ಮುಂದೆ ನಿಂತು ಉತ್ತರ ಬರೆಯಲು ನೋಡಿದೆ. "ಥ್ಯಾಂಕ್ಸ್ ಕಣೇ" ಎನ್ನುವುದರಿಂದ ಮುಂದಕ್ಕೆ ಹೋಗಲಾಗಲಿಲ್ಲ.

ಸಾರಿ ಕೇಳಬೇಕಾದವಳು ನೀನಲ್ಲ. ಯಾಕೆಂದು ಹೇಳುವುದಕ್ಕೇ ಈ ಪತ್ರ. ಇದನ್ನು ನಿನ್ನೆದುರು ನಿಂತು ಹೇಳುವ ಧೈರ್ಯ ನನಗಿಲ್ಲ, ಹೇಳಿದರೂ ನೀನು ನನ್ನ ತುಟಿಯನ್ನೇ ನೋಡುತ್ತಿರಬೇಕಾಗುತ್ತದೆ. ಅದನ್ನು ನಾನು ತಡೆದುಕೊಳ್ಳಲಾರೆ.

ಬಾಗಲಕೋಟೆಯಿಂದ ಎಂ.ಎ. ಓದಲು ಬಂದು, ಹಾಸ್ಟೆಲ್ ಸಿಗದೆ, ಹೇರೋಹಳ್ಳಿಯ ನಿಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದವಳು ನಾನು. ಬಂದ ಮೊದಲ ದಿನ ಟ್ರಂಕು ಇಳಿಸುವಾಗ ಪಕ್ಕದ ಶೀಟಿನ ಕೋಣೆಯಿಂದ ಡ್ರಮ್ಸ್ ಸದ್ದು. ಯಾರೋ ಹುಡುಗನಿರಬೇಕೆಂದು ಇಣುಕಿದರೆ ನೀನು, ನೈಟಿಯ ಮೇಲೊಂದು ಟವೆಲ್ ಹಾಕಿಕೊಂಡು, ಬೆವರುತ್ತ ಬಾರಿಸುತ್ತಿದ್ದೆ. "ಏನ್ ನೋಡ್ತೀಯಾ, ಒಳಗ್ ಬಾ" ಅಂದೆ. ನಿಮ್ಮಪ್ಪ ಸೈಟು ಮಾರಿದ ವರ್ಷ ನಿನಗೆ ಕೊಡಿಸಿದ ಸೆಟ್ಟು ಅದು. ಅಕ್ಕಪಕ್ಕದವರು ದೂರು ಹೇಳಿದರೆ, "ನನ್ನ ಮಗಳು ಬಾರಿಸ್ತಾಳೆ, ಕಿಟಕಿ ಮುಚ್ಕೊಳಿ" ಅನ್ನುತ್ತಿದ್ದರು ಮುನಿರಾಜು ಅಂಕಲ್. ಲಕ್ಷ್ಮಿದೇವಮ್ಮ ಆಂಟಿ ನನಗೆ ಮುದ್ದೆ ನುಂಗುವುದು ಕಲಿಸಿದರು. ನಾನು ಜಗಿದಾಗಲೆಲ್ಲ ನೀನು ನಕ್ಕು ನಕ್ಕು ಸಾಯುತ್ತಿದ್ದೆ.

ನಿನ್ನ ದೊಡ್ಡಪ್ಪನ ಮಗ ಮಧುಕುಮಾರ ಬೇಸ್ ಗಿಟಾರ್ ತಂದ. ನನ್ನ ನೋಟ್‌ಬುಕ್ಕಿನಲ್ಲಿ ಹಾಡುಗಳಿದ್ದವು. ಮೂವರೂ ಸೇರಿ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ, "ಹೊರವರ್ತುಲ" ಎಂದು ಹೆಸರಿಟ್ಟುಕೊಂಡೆವು. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ದಿನಗಳು ಮತ್ತೆ ಬಂದಿಲ್ಲ, ಈಗಲೂ ಇಲ್ಲ.

2005ರ ನವೆಂಬರ್‌ನಲ್ಲಿ ನೀನು ಹೇಳಿದೆ, "ಕಿವಿಯೊಳಗೆ ಜೀರುಂಡೆ ಕೂಗ್ದಂಗಾಗುತ್ತೆ ಕಣೇ." ಅದಕ್ಕೆ ಮೊದಲೇ ನಾನು ಗಮನಿಸಿದ್ದೆ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ, ಎಲ್ಲದಕ್ಕೂ "ಆಂ?" ಅನ್ನುತ್ತಿದ್ದೆ. ಇಬ್ಬರೂ ರಾಜಾಜಿನಗರದ ಕಿವಿ ಡಾಕ್ಟರ ಹತ್ತಿರ ಹೋದೆವು. ಮನೆಯಲ್ಲಿ ಗಾಬರಿಯಾಗುತ್ತಾರೆಂದು ಯಾರಿಗೂ ಹೇಳಲಿಲ್ಲ. ವರದಿ ಸಿಗುವ ದಿನ ನಿನಗೆ ಬಿ.ಕಾಂ. ಪರೀಕ್ಷೆಯಿತ್ತು. ನಾನೊಬ್ಬಳೇ ಹೋದೆ.

ಡಾಕ್ಟರು, "ನೀವು ಅವರ ಅಕ್ಕಾನಾ?" ಎಂದು ಕೇಳಿದರು. ಹೌದೆಂದೆ. ಹಾಳೆಯ ಮೇಲೆ ಇಳಿಜಾರಾಗಿ ಬಿದ್ದ ಎರಡು ಗೆರೆಗಳನ್ನು ತೋರಿಸಿ, "ಎರಡೂ ಕಿವಿ ಹೋಗ್ತಾ ಇದೆಯಮ್ಮ. ಎಡಗಡೇದು ಜಾಸ್ತಿ. ಡ್ರಮ್ಸ್ ಇವತ್ತೇ ನಿಲ್ಲಿಸ್ಬೇಕು. ಮೂರು ತಿಂಗಳು ಬಿಟ್ಟು ಕರ್ಕೊಂಡ್ ಬನ್ನಿ" ಅಂದರು.

ಕವನಾ, ಮುಂದಿನದನ್ನು ಮೂರು ಸಲ ಬರೆದು ಹರಿದುಹಾಕಿದ್ದೇನೆ.

ಆ ವಾರವೇ ನಾವು ಬ್ಯಾಂಡ್ ಸ್ಪರ್ಧೆಗೆ ಆಯ್ಕೆಯಾಗಿದ್ದೆವು. ಜನವರಿಯಲ್ಲಿ ಮೊದಲ ಸುತ್ತು, ಮಾರ್ಚಿನಲ್ಲಿ ಫೈನಲ್. ಗೆದ್ದರೆ ಆಲ್ಬಮ್. ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ನಿನ್ನ ಕಿವಿಯ ಯೋಚನೆ ಬರಲಿಲ್ಲವೆಂದಲ್ಲ, ಬಂತು. ಆದರೆ ಅದರ ಜೊತೆಗೇ, ಮಾರ್ಚ್ ಮುಗಿದ ಮೇಲೆ ಹೇಳಿದರಾಯಿತು ಎಂಬ ಯೋಚನೆಯೂ ಬಂತು. ನೀನು ಗೇಟಿನಲ್ಲೇ ಕಾಯುತ್ತಿದ್ದೆ. "ಏನಂದ್ರು?" ಅಂದೆ. ನಾನು, "ಏನೂ ಇಲ್ಲಂತ. ಗುಗ್ಗೆ ತುಂಬೇತಿ, ಎಣ್ಣಿ ಬಿಟ್ಕೋ ಅಂದ್ರು" ಅಂದೆ. ವರದಿ ನನ್ನ ಬ್ಯಾಗಿನಲ್ಲಿತ್ತು. ನೀನು ನನ್ನನ್ನು ಅಪ್ಪಿಕೊಂಡು, "ಅಬ್ಬಾ, ಎಷ್ಟ್ ಹೆದರಿಕೊಂಡಿದ್ದೆ ಗೊತ್ತಾ" ಅಂದೆ. ಆ ಸಂಜೆ ಎರಡು ಗಂಟೆ ಜಾಸ್ತಿಯೇ ಬಾರಿಸಿದೆ.

ನಾಲ್ಕು ತಿಂಗಳು. ಪ್ರತಿದಿನ ನಾನು ಆ ಕೋಣೆಯಲ್ಲಿ ನಿನ್ನೆದುರೇ ನಿಂತು ಹಾಡಿದೆ.

ಫೈನಲ್‌ನ ಮೂರನೆಯ ಹಾಡು ನೀನು ಮರೆತಿರಲಾರೆ. ನಾನೂ ಮಧುವೂ ನಿಲ್ಲಿಸಿದ ಮೇಲೂ ನೀನು ತಲೆ ತಗ್ಗಿಸಿ ಬಾರಿಸುತ್ತಲೇ ಇದ್ದೆ. ಸಭಾಂಗಣದಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನೀನು ತಲೆಯೆತ್ತಿ ಮೊದಲು ಜನರನ್ನಲ್ಲ, ನನ್ನ ಬಾಯನ್ನು ನೋಡಿದೆ. ಅದು ಮುಚ್ಚಿತ್ತು. ನಿನ್ನ ಕೈಯ ಕೋಲು ನಿಧಾನವಾಗಿ ಕೆಳಗಿಳಿಯಿತು.

ಮರುದಿನ ನಾನು ಬ್ಯಾಂಡ್ ಬಿಟ್ಟೆ. ಮಧು ಕೂಗಾಡಿದ. "ಒಂದ್ಸಲ ಸೋತಿದ್ದಕ್ಕೆ ಬಿಟ್ಟೋಗ್ತೀಯಾ? ಇವಳ ಮುಖ ನೋಡು ಒಂದ್ಸಲ!" ಅಂದ. ನಾನು ನೋಡಲಿಲ್ಲ. "ನನ್ನ ಹಾಡು ನಾನ ಹಾಡ್ಕೋತೀನಿ, ನಂಗ ಯಾರೂ ಬ್ಯಾಡ" ಅಂದೆ. ಆ ವಾರವೇ ಕೋಣೆ ಖಾಲಿ ಮಾಡಿ ನಾಗರಬಾವಿಗೆ ಬಂದೆ. ನಿನ್ನ ತಪ್ಪಿನಿಂದ ನಾನು ಹೋದೆನೆಂದು ನೀನು ನಂಬಿದೆ. ಹಾಗೆ ನಂಬಲೆಂದೇ ಬಿಟ್ಟೆ.

ಆಮೇಲೆ ನಿಮ್ಮ ಮನೆಯವರು ಬೇರೆ ಆಸ್ಪತ್ರೆಗೆ ತೋರಿಸಿದ್ದು, ಅಷ್ಟರಲ್ಲಿ ಎಡಗಿವಿ ಪೂರ್ತಿ ಹೋಗಿ ಬಲಗಿವಿಗೆ ಮಿಷನ್ ಹಾಕಿದ್ದು, ನೀನು ಡ್ರಮ್ಸ್ ಸೆಟ್ಟನ್ನು ಯಾರಿಗೋ ಕೊಟ್ಟುಬಿಟ್ಟಿದ್ದು, ಎಲ್ಲ ಮಧುವಿನಿಂದ ತಿಳಿಯಿತು. ಮೊದಲು ನೋಡಿದ ಡಾಕ್ಟರಿಗೆ ಏನೂ ಗೊತ್ತಿಲ್ಲವೆಂದು ನಿಮ್ಮಪ್ಪ ಇವತ್ತಿಗೂ ಬೈಯುತ್ತಾರಂತೆ. ಮಧು ಅದನ್ನು ಹೇಳಿ, "ಅಂಥೋರ್ನೆಲ್ಲ ಸುಮ್ನೆ ಬಿಡಬಾರ್ದು ಅಲ್ವಾ?" ಎಂದು ಕೇಳಿದ. ನಾನು ತಲೆಯಾಡಿಸಿದೆ.

ಹೋದ ವರ್ಷ ಸುಂಕದಕಟ್ಟೆಯ ಬಸ್ ಸ್ಟಾಪಿನಲ್ಲಿ ನಿನ್ನನ್ನು ನೋಡಿದೆ. ಸೊಪ್ಪಿನ ಚೀಲ ಹಿಡಿದು ನಿಂತಿದ್ದೆ. "ಕವನಾ" ಎಂದು ಹಿಂದಿನಿಂದ ಕರೆದೆ, ಎರಡು ಸಲ. ನೀನು ತಿರುಗಲಿಲ್ಲ. ನಾಲ್ಕು ಹೆಜ್ಜೆ ಇಟ್ಟು ಹೆಗಲು ಮುಟ್ಟಿದ್ದರೆ ಸಾಕಿತ್ತು. ನಾನು ರಸ್ತೆ ದಾಟಿ ಆಟೋ ಹತ್ತಿದೆ. ನಿನಗೆ ಕೇಳಿಸಲಿಲ್ಲ ಎಂದು ಒಂದು ಕ್ಷಣ ನನಗೆ ನೆಮ್ಮದಿಯಾಯಿತು, ಕವನಾ. ಅದನ್ನೂ ಬರೆದುಬಿಡುತ್ತೇನೆ.

ಈ ಆಲ್ಬಮ್ಮಿನ ಕಥೆಯೂ ಇಷ್ಟೇ. ಬಸವೇಶ್ವರನಗರದಲ್ಲಿ ಒಂದು ಮನೆಯ ಕೆಳಗಿನ ಗ್ಯಾರೇಜೇ ಸ್ಟುಡಿಯೋ. ರೆಕಾರ್ಡಿಂಗ್ ಮಾಡುವವರು ಭರಮಪ್ಪ ಅಂತ, ನಮ್ಮ ಕಡೆಯವರೇ. ಮೊದಲ ದಿನ ಒಬ್ಬ ಡ್ರಮ್ಮರನ್ನು ಕರೆಸಿದ್ದರು. ಅವನು ಕೋಲಿಗೆ ಕೋಲು ತಾಗಿಸಿ ಒನ್, ಟೂ ಅನ್ನುತ್ತಿದ್ದಂತೆ ನಾನು ಮೊದಲ ಸಾಲನ್ನೇ ತಪ್ಪಿದೆ. ಮೂರು ಸಲ ಪ್ರಯತ್ನಿಸಿದೆ. ಕೊನೆಗೆ ಭರಮಪ್ಪ, "ಏನಾತವ್ವಾ? ಆರಾಮಿಲ್ಲೇನು?" ಅಂದರು. "ಡ್ರಮ್ಸ್ ಬ್ಯಾಡ್ರಿ" ಅಂದೆ. ಎಂಟೂ ಹಾಡಿಗೂ ಬರಿಯ ಗಿಟಾರು, ನನ್ನ ದನಿ. "ಬಾಡಿಗೆಗಿದೆ" ಎಂದು ಹೆಸರಿಟ್ಟೆ. ಡ್ರಮ್ಸ್ ಬಿಟ್ಟಿದ್ದು ದಿಟ್ಟತನ ಎಂದು ಪತ್ರಿಕೆಯಲ್ಲಿ ಬರೆದರು. ಟೀವಿಯವರು ಅದನ್ನೇ ಕೇಳಿದಾಗ, ಮೌನಕ್ಕೂ ಜಾಗ ಬಿಡಬೇಕು ಅನ್ನಿಸಿತು ಎಂದು ನಗುತ್ತ ಹೇಳಿದೆ. ಆಂಟಿ ಅದನ್ನೇ ನೋಡಿರಬೇಕು. ನೋಡಿ ಖುಷಿಪಟ್ಟರು, ನೋಡು.

ಬಿಡುಗಡೆಯ ದಿನ ನೂರು ಜನ ಬಂದಿದ್ದರು. ನಾನು ಹಾಡುವಾಗಲೆಲ್ಲ ಹಿಂದೆ ಯಾರೋ ಕೂತಿದ್ದಾರೆ ಅನ್ನಿಸಿ ತಿರುಗಿ ನೋಡುತ್ತಿದ್ದೆ. ಬರೀ ಪರದೆ.

ವರದಿಯನ್ನು ಇದರ ಜೊತೆ ಇಟ್ಟಿದ್ದೇನೆ. ದಿನಾಂಕ ಅದರಲ್ಲೇ ಇದೆ. ಅಂಕಲ್‌ಗೂ ಮಧುವಿಗೂ ತೋರಿಸು. ಆ ಡಾಕ್ಟರ ತಪ್ಪಿಲ್ಲ, ನಿನ್ನದಂತೂ ಇಲ್ಲವೇ ಇಲ್ಲ. ನಾನು ಅಂದೇ ಹೇಳಿದ್ದರೂ ನಿನ್ನ ಕಿವಿ ಉಳಿಯುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು. ಹೇಗಿದ್ದರೂ ಹೋಗುತ್ತಿತ್ತೇನೋ. ಆದರೆ ಬಾರಿಸುವುದೋ ಬಿಡುವುದೋ ಎಂದು ನಿರ್ಧರಿಸಬೇಕಾದವಳು ನೀನು. ಅದನ್ನು ನಾನು ಕಿತ್ತುಕೊಂಡೆ.

ಕ್ಷಮಿಸು ಎಂದು ಕೇಳುತ್ತಿಲ್ಲ. ಉತ್ತರ ಬರೆಯಬೇಕಾಗಿಲ್ಲ. ಸೀಡಿ ಕಳಿಸುತ್ತಿಲ್ಲ. ನಿನಗೆ ಅದನ್ನು ಕಳಿಸುವ ಮುಖ ನನಗಿಲ್ಲ.

ನಿಮ್ಮ ಮಹಡಿಯಲ್ಲಿದ್ದ
ಗುರುದೇವಿ

ತಾ.ಕ.: ಪತ್ರ ಅಂಟಿಸಿ ಎರಡು ದಿನವಾಗಿತ್ತು, ಈಗ ಮತ್ತೆ ಬಿಚ್ಚಿದ್ದೇನೆ. ಯಾರಿಗೆ ಗೊತ್ತು ಎಂದು ಬರೆದೆನಲ್ಲ, ನನಗೆ ಗೊತ್ತು. ಆಲ್ಬಮ್ ಶುರುಮಾಡುವ ಮೊದಲು ಆ ಡಾಕ್ಟರ ಹತ್ತಿರ ಹೋಗಿ ಕೇಳಿದ್ದೆ. ಅವರು ವರದಿ ನೋಡಿ, "ಎಡಗಡೇದು ಹೇಳಕ್ಕಾಗಲ್ಲ. ಬಲಗಡೇದು ಉಳೀತಿತ್ತಮ್ಮ. ಯಾಕೆ ಕರ್ಕೊಂಡೇ ಬರ್ಲಿಲ್ಲ?" ಅಂದರು. ನಾನು ವರದಿ ಎತ್ತಿಕೊಂಡು ಎದ್ದು ಬಂದು, ಅಲ್ಲಿಂದ ನೇರವಾಗಿ ಸ್ಟುಡಿಯೋಗೆ ಹೋದೆ.