ಮೂರು ಗುಟುಕು

ಕಮಲಾಪುರ, ಅಕ್ಟೋಬರ್ ೧೯೪೮

ದಸ್ತಗೀರ,

ರಜಾಕಾರರನ್ನು ಹತ್ತಿಕ್ಕಲು ಫೌಜು ಬಂದ ಮರುವಾರವೇ ನೀನು ಕಲಬುರ್ಗಿಯ ರೋಜಾ ಓಣಿಯ ಮನೆಗೆ ಬೀಗ ಹಾಕಿ ಹೋದೆ. ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಈ ಕಾಗದ ನನ್ನ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಇವತ್ತು ಬೆಳಿಗ್ಗೆ ಪೊಲೀಸ್ ಜಮಾದಾರ ನಿನ್ನನ್ನು ಹುಡುಕಿಕೊಂಡು ನಮ್ಮ ಮನೆಗೆ ಬಂದಿದ್ದ.

“ದಸ್ತಗೀರ ನಿನ್ನ ದೋಸ್ತ ಏನು?”

“ಯಾರ್ರೀ ಅವ? ನನಗ ಗೊತ್ತಿಲ್ರೀ.”

ನೀರು ಕೇಳಿದೆ. ಅವ್ವ ತಂಬಿಗೆ ತಂದಳು. ನಾನು ಎಂದಿನಂತೆ ನೆಲಕ್ಕೆ ಕುಳಿತು ಒಂದು ಗುಟುಕು ಕುಡಿದು ಉಸಿರು ಬಿಟ್ಟೆ, ಇನ್ನೊಂದು ಕುಡಿದೆ. ಮೂರನೆಯದಕ್ಕೆ ತಂಬಿಗೆ ಎತ್ತಿದಾಗ ಅವನು ನನ್ನನ್ನೇ ನೋಡುತ್ತಿದ್ದ.

“ಕುಂತು, ಉಸುರು ಬಿಟ್ಟು ಬಿಟ್ಟು ಕುಡಿಯಾಕತ್ತಿ. ಇದು ಸಾಬರ ರೂಢಿ. ಯಾರ ಸಂಗತೀಲೆ ಬಂತು?”

ತಾಲೀಮಿನಲ್ಲಿ ಕುಸ್ತಿ ಮುಗಿಸಿ ನಾನು ನಿಂತೇ ಗಟಗಟ ಕುಡಿಯುವಾಗ ನೀನು ಹೆಗಲು ಒತ್ತಿ ಕೂಡಿಸಿ ಮೂರು ಗುಟುಕಿನಲ್ಲಿ ಕುಡಿಸುತ್ತಿದ್ದೆ. “ಸಾವಕಾಶ ಕುಡಿಯೋ, ನೀರೇನು ಓಡಿ ಹೋಗ್ತದೇನು?” ನನ್ನ ಹೊಟ್ಟೆನೋವು ನಿಂತಿದ್ದು ಆಮೇಲೆ. ಬೀಡಿ ಬಿಡಿಸಿದವನೂ ನೀನೇ.

“ರೂಢಿ ಏನಿಲ್ರೀ” ಎಂದೆ. ಎದ್ದು ನಿಂತು, ಉಳಿದ ನೀರನ್ನು ಅವನೆದುರು ಒಂದೇ ಸಲ ಕುಡಿದು ತೋರಿಸಿದೆ. ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

“ಸಾವಕಾಶ ಕುಡಿಯೋ” ಎಂದು ನಕ್ಕು ಜಮಾದಾರ ಹೊರಟುಹೋದ.

ಆಗಿನಿಂದ ನೀರು ಮುಟ್ಟಿಲ್ಲ. ಈಗ ತಂಬಿಗೆ ಮುಂದಿಟ್ಟುಕೊಂಡು ಕುಳಿತಿದ್ದೇನೆ. ಮೂರು ಗುಟುಕಿನಲ್ಲೇ ಕುಡಿಯುತ್ತೇನೆ, ದಸ್ತಗೀರ.

ಆದರೆ ಮೊದಲು ಎದ್ದು ಹೋಗಿ ಬಾಗಿಲಿಗೆ ಅಗುಳಿ ಹಾಕಿ ಬಂದೆ.

ಮಾಪಣ್ಣ