ಹೊಲಿಗೆ ಮೇಜಿನ ಹದಿನಾಲ್ಕು ನಿಮಿಷ

ಮಾರ್ಚ್ 4, ಬೆಳಿಗ್ಗೆ

ಮತ್ತೆ ಅದೇ ಗೋಳು. ಕಾರ್ಖಾನೆಯಲ್ಲಿ ದಿನಕ್ಕೆ ಐವತ್ತು ಜೊತೆ ಬೂಟು ಆಗಬೇಕಿದ್ದಲ್ಲಿ ಮೂವತ್ತು. ಕೆಲಸ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ಶನಿವಾರ ಬರೆದು ಕೊಡಬೇಕಂತೆ. ನಿಧಾನ ಮಾಡುವವರನ್ನು ಮನೆಗೆ ಕಳಿಸುತ್ತಾರಂತೆ. ಯಜಮಾನರಿಗೇನು, ಹೇಳಿ ಹೋದರು. ಸ್ಟಾಪ್‌ವಾಚ್ ಹಿಡಿದು ಕಾಲು ನೋಯಿಸಿಕೊಳ್ಳುವವಳು ನಾನು.

ನನ್ನ ಅನುಮಾನ ಕಟಿಂಗ್‌ನವನ ಮೇಲೆ. ಗಂಟೆಗೆ ಹತ್ತು ಸಲ ಎದ್ದು ಹೋಗುತ್ತಾನೆ.

ಮಾರ್ಚ್ 6, ಸಂಜೆ

ಅವನಿಗೆ ಬೈದು, ದಿನವಿಡೀ ಏಳದ ಹಾಗೆ ಕೂರಿಸಿದೆ. ಎಣಿಸಿದರೆ ಇಪ್ಪತ್ತೆರಡು ಜೊತೆ. ಇನ್ನೂ ಕಡಿಮೆ... ತಲೆ ಕೆಟ್ಟುಹೋಯಿತು.

ಮಾರ್ಚ್ 7, ಮಧ್ಯಾಹ್ನ

ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು.

ಅವನು ಎದ್ದು ಹೋಗುತ್ತಿದ್ದದ್ದು ಹೊಲಿಗೆ ಮೇಜಿಗೆ — ಅಲ್ಲಿ ಹೊಲಿಯುವ ನಮ್ಮಕ್ಕನ ಸೂಜಿಗೆ ದಾರ ಪೋಣಿಸಲು. ಅಕ್ಕನಿಗೆ ಕಣ್ಣು ಮಂಜಾಗಿದೆ. ಡಾಕ್ಟರು ಕೈಚೆಲ್ಲಿದ್ದಾರಂತೆ. ವಕ್ರವಾದ ಹೊಲಿಗೆಯನ್ನು ಪಾಲಿಶ್‌ನವಳು ಬಿಚ್ಚಿಕೊಡುತ್ತಾಳೆ. ಎಲ್ಲರಿಗೂ ಗೊತ್ತು. ಒಂದೇ ಮನೆಯಲ್ಲಿರುವ ನನಗೆ ಮಾತ್ರ ಗೊತ್ತಿರಲಿಲ್ಲ. ನಾಚಿಕೆಯಾಯಿತು.

"ನಿಮ್ಗೆ ಹೇಳಿದ್ರೆ ಬರ್ದುಬಿಡ್ತೀರಿ ಅಂತ..." ಎಂದ ಕಟಿಂಗ್‌ನವನು.

ಸಂಜೆ

ದಾರಿ ಸಿಕ್ಕಿತು. ಹೊಲಿಗೆ ಮೇಜಿರುವುದೇ ಒಂದು. ಅಲ್ಲಿ ಬೂಟಿಗೆ ಹದಿನಾಲ್ಕು ನಿಮಿಷ, ಆಗೊಮ್ಮೆ ಈಗೊಮ್ಮೆ ಮಾಡುವ ಚಪ್ಪಲಿಗೆ ನಾಲ್ಕು. ಬೂಟಿನ ಲಾಭ ಚಪ್ಪಲಿಯ ಮೂರರಷ್ಟು, ನಿಜ. ಆದರೆ ಒಂದು ಜೊತೆ ಬೂಟಿನ ಹೊತ್ತಿಗೆ ಚಪ್ಪಲಿ ಮೂರೂವರೆ ಜೊತೆ. ಬೂಟು ನಿಲ್ಲಿಸಿ, ಚಪ್ಪಲಿಯನ್ನೇ ಮಾಡಿ ಅಂತ ಬರೆದರಾಯಿತು. ಅದಕ್ಕೆ ದಪ್ಪ ದಾರ, ನೇರ ಹೊಲಿಗೆ. ಅಕ್ಕನ ಕೈಗೆ ಅಷ್ಟು ಸಾಗುತ್ತದೆ. ಯಾರ ಹೆಸರೂ ಬೇಡ. ಅಬ್ಬ, ಹೋದ ಜೀವ ಬಂದಂತಾಯಿತು.

ಮಾರ್ಚ್ 8, ಶನಿವಾರ, ಬೆಳಿಗ್ಗೆ

ಅಕ್ಕನಿಗೆ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಲೋಟ ಕೆಳಗಿಟ್ಟಳು.

"ಕಣ್ಣು ಸರಿಯಿರೋರು ಕೂತ್ರೆ ಬೂಟಿಗೆ ಎಷ್ಟು ನಿಮಿಷ?"

"ಎಂಟು."

"ಆಗ ಯಾವ್ದು ಲಾಭ?"

ಮನಸ್ಸಲ್ಲೇ ಲೆಕ್ಕ ಹಾಕಿದೆ. ಎಂಟು ನಿಮಿಷಕ್ಕೆ ಚಪ್ಪಲಿ ಎರಡೇ ಜೊತೆ. ಲಾಭ ಬೂಟಿನಲ್ಲೇ.

"ನಿಂಗೆ ಗಡಿಯಾರ ನೋಡೋದು ಕಲ್ಸಿದ್ದು ನಾನು ಕಣೇ. ಇದ್ದಿದ್ದು ಇದ್ದ ಹಾಗೆ ಬರಿ."

ಹನ್ನೊಂದು ಗಂಟೆ

ಯಜಮಾನರು ಎರಡು ಸಲ ಕೇಳಿ ಕಳಿಸಿದರು. ಅಕ್ಕ ತಾನೇ ದಾರ ಪೋಣಿಸಲು ನೋಡುತ್ತಿದ್ದಾಳೆ. ಕಟಿಂಗ್‌ನವನು ಏಳಹೋದ. ಕೂತ್ಕೋ ಅಂತ ಕೈ ಮಾಡಿದಳು.

ಬರೆಯುತ್ತಿದ್ದೇನೆ. ಕೆಲಸ ಸಿಕ್ಕಿಕೊಳ್ಳುವ ಜಾಗ: ಹೊಲಿಗೆ. ಜೊತೆಗೆ ಹದಿನಾಲ್ಕು ನಿಮಿಷ. ಹೊಲಿಯುವವರು —